ಬಿದರಿ ಕೀಲು

ಸುತ್ತಿಗೆ ಇನ್ನೂ ಅಡಿಗಲ್ಲಿನ ಮೇಲೆಯೇ ಬಿದ್ದಿತ್ತು. ಅದರ ಮುಖಕ್ಕೆ ಮೆತ್ತಿದ್ದ ರಕ್ತ ಒಣಗಿ ಕಂದಾಗಿತ್ತು. ರಕ್ತದಲ್ಲಿ ಒಂದು ಉಗುರು ಅಂಟಿಕೊಂಡಿತ್ತು.

ಪಿಎಸ್‌ಐ ಶಿವಕಾಂತಾ ಮೂಲಗೆ ಮೊದಲು ಉಗುರನ್ನು ನೋಡಿದಳು, ಆಮೇಲೆ ಉಗುರಿನ ಯಜಮಾನನನ್ನು. ಸಲಾವೋದ್ದೀನ ಉಸ್ತಾದ ತನ್ನ ಕಾರಖಾನೆಯ ಗೋಡೆಗೆ ಒರಗಿ ಕುಳಿತಿದ್ದ. ಓಣಿಯ ಡಾಕ್ಟರು ಸುತ್ತಿದ ಪಟ್ಟಿಯೊಳಗೆ ಅವನ ಬಲಗೈಯ ಎರಡು ಬೆರಳು ನುಜ್ಜುಗುಜ್ಜಾಗಿದ್ದವು. ಆಯುಷ್ಯವೆಲ್ಲ ಬಿದರಿ ಪಾತ್ರೆಗಳಿಗೆ ಬೆಳ್ಳಿ ತಂತಿ ಕೂರಿಸಿದ ಬೆರಳುಗಳು ಅವು.

ಚಿದ್ರಿ ಓಣಿಯ ಅರ್ಧ ಜನ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಹೆಡ್‌ಕಾನ್‌ಸ್ಟೇಬಲ್ ಹಾವಗೆಪ್ಪ ಅವರನ್ನು ಲಾಠಿಯಿಂದಲ್ಲ, ಹೊಟ್ಟೆಯಿಂದಲೇ ಹಿಂದಕ್ಕೆ ತಳ್ಳುತ್ತಿದ್ದ. ಇಲಾಖೆಯಲ್ಲಿ ಆ ಹೊಟ್ಟೆಗೆ ಬೇರೆ ಉಪಯೋಗವನ್ನು ಯಾರೂ ಕಂಡಿರಲಿಲ್ಲ.

"ಈಗರ ಬಾಯಿ ಬಿಡ್ತೀರೋ ಇಲ್ಲೋ, ಉಸ್ತಾದ್?" ಶಿವಕಾಂತಾ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಅವನ ಮುಂದೆ ಹಿಡಿದಳು.

ಒಳಗೆ ಒಂದು ಸೀಳಿದ ಕಟ್ಟಿಗೆಯ ಚೂರು, ಹೆಬ್ಬೆರಳಿನ ಗಾತ್ರದ ಒಂದು ಕಪ್ಪು ಲೋಹದ ತುಂಡು. ತುಂಡಿನ ಮುಖದ ಮೇಲೆ ಬೆಳ್ಳಿಯ ಹೂವು. ಹಲಬರ್ಗಾದ ಹೊಲದಲ್ಲಿ ಭಾಲ್ಕಿಯ ವ್ಯಾಪಾರಿ ಭಾಲಚಂದ್ರನ ಎದೆಯನ್ನು ಒಂದೇ ಗುಂಡು ಒಡೆದು ಹೋದ ದಿನ, ತೊಗರಿ ಸಾಲಿನ ಮರೆಯಲ್ಲಿ ಕೊಲೆಗಾರ ನಿಂತ ಜಾಗದಲ್ಲಿ ಇವು ಸಿಕ್ಕಿದ್ದವು. ಹಿಂದೆ ಕೇಳಿದಾಗಲೆಲ್ಲ ಉಸ್ತಾದ ತನ್ನ ಕೆಲಸವಲ್ಲ ಎಂದು ಮುಖ ತಿರುಗಿಸಿದ್ದ.

ಈಗಲೂ ತಿರುಗಿಸುತ್ತಿದ್ದನೇನೋ. ಆದರೆ ಅವನ ಹೆಂಡತಿ ವಜೀರಬೀ ಅಡ್ಡ ಬಂದಳು.

"ಇವರದೇ ಕೆಲಸ ಅದ ಮೇಡಂ. ಇವರ ಸೊಕ್ಕಿನ ಕೆಲಸ. ನಾ ಅವತ್ತೇ ಬ್ಯಾಡ ಅಂದಿದ್ದೆ. ಹುಕ್ಕಾದ ಬುಡ ಕೈಜಾರಿ ನೆಲಕ್ಕ ಬಿದ್ರ ಸೀಳಿ ಹೋಗ್ತದ, ಅಂಥಾ ಬಿದ್ರಿ ಬಂದೂಕಿನಾಗ ನಿಲ್ತದೇನು ಅಂದೆ. ಕೇಳ್ಯಾರೇನು?"

"ಸುಮ್ಮನಿರು," ಎಂದ ಉಸ್ತಾದ. ದನಿಯಲ್ಲಿ ಜೋರಿರಲಿಲ್ಲ.

"ಸುಮ್ಮನಿದ್ದಿದ್ದಕ್ಕ ಬೆರಳು ಹೋಗ್ಯಾವ. ಇನ್ನ ಕೊಳ್ಳು ಹೋಗ್ಲೇನು?"

ಆಗ ಉಸ್ತಾದ ಬಾಯಿ ಬಿಟ್ಟ. ಬಿದರಿ ಕೆಲಸ ಅವನ ಅನ್ನ, ಹಳೆ ಬಂದೂಕುಗಳ ಕುಂದಾ ಮಾಡುವುದು ಅವನ ಹುಚ್ಚು. ಭುಜಕ್ಕೆ ಆನಿಸುವ ಕಟ್ಟಿಗೆಯ ಭಾಗಕ್ಕೆ ಈ ಕಡೆ ಕುಂದಾ ಎನ್ನುತ್ತಾರೆ. ಔರಾದಿನ ಕಡೆಯ ಒಬ್ಬ ಮನುಷ್ಯ ಕಂಬಳಿಯಲ್ಲಿ ಸುತ್ತಿ ಒಂದು ದೊಡ್ಡ ಬಂದೂಕು ತಂದಿದ್ದನಂತೆ. ಹೆಸರು ಹೇಳಲಿಲ್ಲ. ಆದರೆ ನಳಿಗೆಯ ಮೇಲೆ ಹುಲಿಯ ಚಿತ್ರ, ಅದರ ಕೆಳಗೆ ವ್ಯಂಕಟರಾವ ಎಂಬ ಹೆಸರು ಕೊರೆದಿತ್ತು.

"ಸಣ್ಣ ಬಂದೂಕು ಒದ್ರ ಕಟ್ಟಿಗಿ ತಡೀತದ್ರಿ. ಇದು ಹುಲಿ ಹೊಡಿಯೋ ಬಂದೂಕು. ಗುಂಡು ಎಷ್ಟು ಜೋರಲೆ ಮುಂದ ಹೋಗ್ತದ, ನಳಗಿ ಅಷ್ಟೇ ಜೋರಲೆ ಹಿಂದ ಗುದ್ದತದ. ಕಟ್ಟಿಗಿ ಉದ್ದಕ್ಕ ಸೀಳ್ತದ. ಸೀಳಬಾರ್ದು ಅಂತ ಕಟ್ಟಿಗಿಯಾಗ ಅಡ್ಡ ಕೀಲು ಹಾಯಿಸಿ ಮಜಬೂತ್ ಮಾಡ್ತೇವ್ರಿ. ಉಕ್ಕಿನ ಕೀಲು."

"ಇದು ಉಕ್ಕಲ್ಲ."

ಉಸ್ತಾದ ತಲೆ ತಗ್ಗಿಸಿದ. "ಉಕ್ಕಿನ ತಲಿ ಹೊರಗ ಕಾಣಸ್ತದ್ರಿ. ಅಸಹ್ಯ ಕಾಣಸ್ತದ. ಅಂಥಾ ಸೀಸಂ ಕಟ್ಟಿಗಿ, ಅಂಥಾ ಬಂದೂಕು. ನಂದೂ ಒಂದು ಗುರುತು ಇರ್ಲಿ ಅಂತ ಬಿದ್ರಿ ಕೀಲು ಎರಕ ಹೊಯ್ದೆ. ಬೆಳ್ಳಿ ಹೂ ಕೂಡಿಸಿ, ಕಿಲ್ಲೇದ ಮಣ್ಣು ಹಚ್ಚಿ ಕಪ್ಪು ಮಾಡ್ದೆ. ನೋಡಾಕ ಭಾಳ ಚಂದ ಇತ್ತು."

ಬಿದರಿಯಲ್ಲಿ ಬಹುಪಾಲು ಜಸ್ತ, ಅಂದರೆ ಸತು, ತುಸು ತಾಮ್ರ. ಜಸ್ತಕ್ಕೆ ಬಗ್ಗುವುದು ಗೊತ್ತಿಲ್ಲ, ಮುರಿಯುವುದಷ್ಟೇ ಗೊತ್ತು. ಹುಲಿಗುಂಡಿನ ಮೊದಲ ಒದೆತಕ್ಕೇ ಕೀಲು ಎರಡಾಗಿ, ಕುಂದಾ ಸೀಳಿ, ಅಷ್ಟೂ ಪೆಟ್ಟು ಹೊಡೆದವನ ಭುಜಕ್ಕೆ ಬಿದ್ದಿತ್ತು. ಚಂದ ಮಾಡಲು ಹೋದ ಮುದುಕ ಗೊತ್ತಿಲ್ಲದೆ ಕೊಲೆಗಾರನ ಮೈಮೇಲೆ ಗುರುತು ಹಾಕಿ ಕಳಿಸಿದ್ದ. ಶಿವಕಾಂತಾಳಿಗೆ ಅವನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ.

"ಕೊಲಿ ಆದ ಮ್ಯಾಲ ಅಂವ ಮತ್ತ ಬಂದಿದ್ನೇನು?"

"ಬಂದಿದ್ದ. ಹೊಸಾದು ಮಾಡು, ಈ ಸಲ ಉಕ್ಕು ಹಾಕು, ಇಲ್ಲಂದ್ರ ನಿನ್ನ ಹೆಂಡ್ತೀನ ಭಟ್ಟಿಗಿ ಹಾಕ್ತೇನಿ ಅಂದ. ಮತ್ತ, ಕೆನ್ನಿ ಇಡೋ ಉಬ್ಬು ಇನ್ನೊಂದು ಮಗ್ಗಲಕ್ಕ ಮಾಡು ಅಂದ."

"ಹಂಗಂದ್ರ?"

"ಬಲಭುಜಕ್ಕ ಹಚ್ಚಿ ಹೊಡಿಯವಗ ಉಬ್ಬು ಎಡ ಮಗ್ಗಲಿಗಿರ್ತದ. ಈಗ ಬಲ ಮಗ್ಗಲಕ್ಕ ಮಾಡೀನಿ. ಎಡಭುಜಕ್ಕ ಹಚ್ಚಿ ಹೊಡಿಯಾಕ."

ಬಲಭುಜ ಕೆಟ್ಟಿದೆ, ಅದಕ್ಕೆ ಎಡಕ್ಕೆ ಬದಲಾಯಿಸಿದ್ದಾನೆ. ಶಿವಕಾಂತಾಳಿಗೆ ಮೈ ಬಿಸಿಯಾಯಿತು. ಬಲಭುಜ ಕೆಟ್ಟವನನ್ನು ಹುಡುಕಿದರೆ ಮುಗಿಯಿತು.

ಈ ಬೆಳಿಗ್ಗೆ ಆ ಮನುಷ್ಯ ಬಂದು ಹೊಸ ಕುಂದಾ ಕೂರಿಸಿದ ಬಂದೂಕು ತೆಗೆದುಕೊಂಡ. ಆಮೇಲೆ ಉಸ್ತಾದನ ಕೈಯನ್ನು ಅಡಿಗಲ್ಲಿನ ಮೇಲೆಳೆದು ಸುತ್ತಿಗೆ ಎತ್ತಿದ. ಎರಡನೆಯ ಪೆಟ್ಟಿಗೆ ವಜೀರಬೀ ಭಟ್ಟಿಯಿಂದ ಕುದಿಯುವ ಜಸ್ತವನ್ನು ಸೌಟಿನಲ್ಲಿ ಎತ್ತಿ ಅವನ ಮೇಲೆ ಎರಚಿದಳು.

"ಬಲಗೈಗಿ ಬಿತ್ರಿ, ಸುತ್ತಿಗಿ ಹಿಡಿದ ಕೈಗಿ," ಎಂದಳು ಆಕೆ. "ಹಂದಿ ಒದರಿದಂಗ ಒದರಿದ. ಮೂರನೇದು ತಲಿಗಿ ಬೀಳ್ತಿತ್ತು, ಅಷ್ಟರಾಗ ಓಡಿದ."

"ಅಳತಿ ಹ್ಯಾಂಗ ತಗೊಂಡಿದ್ರಿ ಉಸ್ತಾದ್? ಕುಂದಾಕ್ಕ ಅಳತಿ ಇರ್ತದಲ್ಲ?"

"ಇರ್ತದ್ರಿ. ಮೊಣಕೈ ಮಡಿಕಿಯಿಂದ ಬೆರಳಿನ ಗಂಟಿನ ತನಕ. ನಾನೇ ಮುಟ್ಟಿ ಹಿಡೀತೇನಿ ಯಾವಾಗ್ಲೂ. ಮೊದಲ ಸಲ ಬಂದಾಗ ಈ ಮನುಷ್ಯ ಗಾಡಿ ಮ್ಯಾಲಿಂದ ಇಳೀಲೇ ಇಲ್ಲ. ಹೆಣ್ಮಕ್ಳು ಬಳಿಗಾರಗ ಅಳತಿ ಕಳಸ್ತಾರಲ್ಲ, ಹಂಗ ದಾರ ಕೊಟ್ಟ. ತನ್ನದೇ ಅಂದ. ನಾ ನಂಬಿದೆ." ಮೊಳೆಗೆ ತೂಗಿದ್ದ ಬಿಳಿ ನೂಲನ್ನು ಎಡಗೈಯಿಂದ ತೋರಿಸಿದ. ಎರಡೂ ತುದಿಗೆ ಗಂಟಿತ್ತು.

ಶಿವಕಾಂತಾ ನೂಲನ್ನು ಜೇಬಿಗೆ ಹಾಕಿಕೊಂಡಳು.

ವ್ಯಂಕಟರಾವನ ಹುಲಿ ಬಂದೂಕು ಔರಾದಿನಲ್ಲಿ ಯಾರಿಗೆ ಗೊತ್ತಿಲ್ಲ? ಅದನ್ನು ಎಂದೋ ಸರ್ಕಾರಕ್ಕೆ ಒಪ್ಪಿಸಿದೆವೆಂದು ಆ ಮನೆಯವರು ಊರಿಗೆಲ್ಲ ಹೇಳಿಕೊಂಡಿದ್ದರು. ವ್ಯಂಕಟರಾವ ಸತ್ತಿದ್ದ. ಮನೆತನದಲ್ಲಿ ಉಳಿದವರು ಇಬ್ಬರು ಮೊಮ್ಮಕ್ಕಳು. ಔರಾದಿನಲ್ಲಿ ಸೋಯಾ ಗೋದಾಮು ನಡೆಸುವ ನಿತಿನ ಒಬ್ಬ. ಭಾಲ್ಕಿಗೆ ಕೊಟ್ಟ ಅವನ ಅಕ್ಕ ಸರಸ್ವತಿಬಾಯಿ ಇನ್ನೊಬ್ಬಳು, ಸತ್ತ ಭಾಲಚಂದ್ರನ ಹೆಂಡತಿ.

ಭಾವನನ್ನೇ ಕೊಂದನೇ ಭಾವಮೈದುನ? ಭಾಲಚಂದ್ರನಿಗೂ ನಿತಿನನಿಗೂ ಮಾತಿಲ್ಲವೆಂದು ಭಾಲ್ಕಿಯ ಗಂಜ್ ಮಾರುಕಟ್ಟೆಯಲ್ಲಿ ಹಮಾಲರೂ ಹೇಳುತ್ತಿದ್ದರು. ಶಿವಕಾಂತಾ ಹೊರಗೆ ಬಂದು ಸರಸ್ವತಿಬಾಯಿಗೆ ಫೋನ್ ಹಚ್ಚಿದಳು. ಈ ಮಾತನ್ನು ಆ ಹೆಂಗಸಿಗೆ ಹೇಳುವುದು ಅವಳಿಗೆ ಕಷ್ಟವಾಗಿತ್ತು.

ಕಷ್ಟಕ್ಕೆ ಕಾರಣವಿತ್ತು. ಭಾಲಚಂದ್ರನ ಹೆಣ ಎತ್ತುವ ದಿನ ಶಿವಕಾಂತಾ ಆ ಅಂಗಳದಲ್ಲಿ ನಿಂತಿದ್ದಳು. ಮುದುಕಿಯರು ಸರಸ್ವತಿಬಾಯಿಯ ಎಡಗೈಯ ಹಸಿರು ಬಳೆಗಳನ್ನು ಕಲ್ಲಿಗೆ ಬಡಿದು ಒಡೆದರು. ಆಕೆ ತುಟಿ ಪಿಟಕ್ಕೆನ್ನಲಿಲ್ಲ. ಬಲಗೈ ಹಿಡಿದು ಎಳೆದಾಗ ಮಾತ್ರ ಕಿಟಾರನೆ ಕಿರುಚಿ ನೆಲಕ್ಕೆ ಕುಸಿದಳು. ಬಸವಣ್ಣನ ವಚನ ಹೇಳಿಕೊಂಡು ಬೆಳೆದ ಶಿವಕಾಂತಾಳಿಗೆ ಆ ಆಚಾರ ಕಂಡರೆ ಮೊದಲೇ ಮೈ ಉರಿಯುತ್ತಿತ್ತು. ನಡುವೆ ನುಗ್ಗಿ, "ಮುಟ್ಟಬ್ಯಾಡ್ರಿ ಆಕಿಗಿ. ಮುಟ್ಟಿದ್ರ ಒಬ್ಬೊಬ್ಬರನ್ನ ಒಳಗ ಹಾಕ್ತೇನಿ," ಎಂದು ಮುದುಕಿಯರನ್ನು ಅಟ್ಟಿದ್ದಳು. ಬಲಗೈಯ ಬಳೆಗಳು ಉಳಿದವು. ಅಂದಿನಿಂದ ಸರಸ್ವತಿಬಾಯಿ ಅವಳನ್ನು ತಂಗಿ ಎನ್ನುತ್ತಿದ್ದಳು.

"ಹೇಳು ತಂಗಿ."

"ಬಾಯಾರ, ನಿಮ್ಮ ಅಜ್ಜನ ಬಂದೂಕು ಎಲ್ಲಿ ಅದ?"

"ನಿತಿನನ ಕಡೆ ಇರ್ಬೇಕು. ಯಾಕ?"

ಶಿವಕಾಂತಾ ಹೇಳಿದಳು. ಮುಚ್ಚಿಡುವುದು ಅವಳಿಗೆ ಬರುತ್ತಿರಲಿಲ್ಲ. ಉಸ್ತಾದ, ಕೀಲು, ಸುಟ್ಟ ಕೈ ಎಲ್ಲವನ್ನೂ ಹೇಳಿದಳು.

"ಅಂವ ಔರಾದಾಗ ಗೋದಾಮಿನಾಗ ಇರ್ತಾನ," ಎಂದಳು ಸರಸ್ವತಿಬಾಯಿ. "ನನ್ನ ತಮ್ಮ ಅಂತ ಮುಖ ನೋಡಬ್ಯಾಡ. ಹೋಗಿ ಹಿಡಿ. ಖರೇನ ಅಂವನೋ ಅಲ್ಲೋ ಗೊತ್ತಾಗ್ಲಿ. ಮತ್ತ ಒಂದು ಮಾತು ತಂಗಿ. ನನ್ನ ಮದುವಿ ಅಲ್ಬಮ್‌ನಾಗ ತವರಿನವರ ಫೋಟೋ ಎಲ್ಲಾ ಅದಾವ. ಆ ಉಸ್ತಾದನ್ನ ಇಲ್ಲಿಗಿ ಕಳಸು. ಗುರುತು ಹಿಡದ್ರ ನಿನಗೂ ಛಲೋ. ನನಗೂ ಆ ಮನುಷ್ಯಾನ ಮುಖ ಒಮ್ಮಿ ನೋಡೋದದ."

ತಮ್ಮನನ್ನೇ ಹಿಡಿದುಕೊಡುವ ಹೆಂಗಸಿನ ಗಟ್ಟಿತನಕ್ಕೆ ಶಿವಕಾಂತಾಳ ಕಣ್ಣು ತುಂಬಿ ಬಂತು. ಹೇಗೂ ಉಸ್ತಾದನನ್ನು ಚಿದ್ರಿಯಲ್ಲಿ ಬಿಡುವಂತಿರಲಿಲ್ಲ. ಇಡೀ ಕೇಸಿಗೆ ಇರುವ ಸಾಕ್ಷಿ ಅವನೊಬ್ಬನೇ. ಅವನು ಸತ್ತರೆ ಈ ಕೀಲು, ಈ ದಾರ ಎಲ್ಲ ಕಸ.

"ಹಾವಗೆಪ್ಪ, ಇವರನ್ನ ಕರ್ಕೊಂಡು ಭಾಲ್ಕಿಗಿ ನಡಿ. ಮೊದಲ ಬಾಯಾರ ಮನಿಗಿ ಹೋಗಿ ಅಲ್ಬಮ್ ತೋರ್ಸು. ಆಮ್ಯಾಲ ಆಸ್ಪತ್ರಿಗಿ ಸೇರಿಸಿ ಬಾಗಲಾಗ ಕೂಡು. ಇವರಿಗಿ ಏನರ ಆದ್ರ ನಿನ್ನ ಚರ್ಮ ಸುಲೀತೇನಿ."

"ನನ್ನ ಚರ್ಮ ಸುಲಿಯಾಕ ಭಾಳ ಹೊತ್ತು ಬೇಕಾಗ್ತದ್ರಿ ಮೇಡಂ," ಎಂದ ಹಾವಗೆಪ್ಪ ಹೊಟ್ಟೆ ಸವರಿಕೊಂಡು.

ವಜೀರಬೀ ಗಂಡನನ್ನು ಜೀಪಿಗೆ ಹತ್ತಿಸಿ, ಅವನ ಹೆಗಲಿಗೆ ಶಾಲು ಹೊದಿಸಿದಳು. ಶಿವಕಾಂತಾಳ ಕಡೆ ತಿರುಗಿ, "ನಿಮ್ಮ ಕೈಯಾಗ ಕೊಟ್ಟೀನಿ ಮೇಡಂ," ಎಂದಳು.

ಔರಾದಿನ ಹೊರವಲಯದ ಗೋದಾಮಿನ ಮುಂದೆ ಶಿವಕಾಂತಾ ಕುಳಿತಿದ್ದ ಇನ್ನೊಂದು ಜೀಪು ನಿಂತಾಗ ಬಿಸಿಲು ನೆತ್ತಿಗೇರಿತ್ತು. ಔರಾದ ಠಾಣೆಯವರು ಬರುವ ತನಕ ಕಾಯಬೇಕಿತ್ತು. ಕಾಯುವುದು ಶಿವಕಾಂತಾಳ ಜಾಯಮಾನವಲ್ಲ. ಚಾಲಕ ಮುಬಶ್ಶೀರನನ್ನು ಕರೆದುಕೊಂಡು ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ನುಗ್ಗಿದಳು.

ಮಾಡಿನ ತನಕ ಸೋಯಾ ಚೀಲಗಳು. ಧೂಳಿನಲ್ಲಿ ಉಸಿರು ಕಟ್ಟುತ್ತಿತ್ತು. ಚೀಲದ ಮೇಲೆ ನಿತಿನ ಕುಳಿತಿದ್ದ. ಮೊಣಕೈಯಿಂದ ಕೆಳಗೆ ಬಲಗೈಗೆ ಒದ್ದೆ ಟವೆಲು ಸುತ್ತಿದ್ದ. ಎತ್ತರದ ಆಳು. ಮುಖದಲ್ಲಿ ಅಂಜಿಕೆ ಇರಲಿಲ್ಲ, ಆಯಾಸವಿತ್ತು.

"ಬರ್ರಿ. ನಿಮ್ಮದೇ ಹಾದಿ ನೋಡಾಕತ್ತಿದ್ದೆ. ಭಾಲಚಂದ್ರಗ ನಾನೇ ಹೊಡದೀನಿ. ಬರಕೋರ್ರಿ."

ಇಷ್ಟು ಸುಲಭವಾಗಿ ಒಪ್ಪಿಕೊಂಡವರನ್ನು ಶಿವಕಾಂತಾ ತನ್ನ ನೌಕರಿಯಲ್ಲಿ ಕಂಡಿರಲಿಲ್ಲ. "ಎದ್ದು ನಿಲ್ಲು. ಎರಡೂ ಕೈ ಮ್ಯಾಲ."

ಅವನು ಎದ್ದ. ಮೇಲೆ ಬಂದದ್ದು ಎಡಗೈ ಒಂದೇ. ಅದರಲ್ಲಿ ಹಮಾಲರು ಚೀಲ ಎತ್ತುವ ಕಬ್ಬಿಣದ ಕೊಕ್ಕೆ ಇತ್ತು.

ಮುಬಶ್ಶೀರ ಅವಳ ಮುಂದೆ ಹಾರಿದ. ಕೊಕ್ಕೆ ಅವನ ತೊಡೆಯಲ್ಲಿ ಹೊಕ್ಕು ತಿರುಗಿತು. ನಿತಿನ ಚೀಲವನ್ನು ಎಳೆಯುವ ಹಾಗೆಯೇ ಎಳೆದ. ಪ್ಯಾಂಟಿನ ಜೊತೆ ಮಾಂಸವೂ ಹರಿದು ಬಂತು. ಮುಬಶ್ಶೀರ ಬಿದ್ದ ಜಾಗದಲ್ಲಿ ಚೆಲ್ಲಿದ್ದ ಸೋಯಾ ಕಾಳುಗಳು ಕೆಂಪಗಾದವು.

ಶಿವಕಾಂತಾಳ ಪಿಸ್ತೂಲು ನಿತಿನನ ಎದೆಗೆ ನೇರವಾಗಿತ್ತು. ಅವನು ನಿಲ್ಲಲಿಲ್ಲ. ಕೊಕ್ಕೆ ಎತ್ತಿಕೊಂಡು ಪಿಸ್ತೂಲಿನ ಬಾಯಿಗೇ ನಡೆದು ಬಂದ.

"ಹೊಡೀರಿ. ಹೊಡದು ಮುಗಸ್ರಿ."

ಕಣ್ಣಿನಲ್ಲಿ ಬೇಡಿಕೊಳ್ಳುವ ಭಾವ. ಇವನು ಸಾಯಲು ಬರುತ್ತಿದ್ದಾನೆ, ಕೊಲ್ಲಲು ಅಲ್ಲ ಎಂದು ಅವಳಿಗೆ ಹೊಳೆಯಿತು. ಬೆರಳು ಪಿಸ್ತೂಲಿನ ಕುದುರೆಯಿಂದ ಹೊರಗೆ ಬಂತು. ಕೊಕ್ಕೆ ಬೀಸಿದಾಗ ಬಗ್ಗಿದಳು. ಅದು ಕಿವಿಯ ಮೇಲಿನ ಚರ್ಮವನ್ನು ಕಿತ್ತಿತು. ಅದೇ ಏಟಿಗೆ ಪಿಸ್ತೂಲಿನ ಹಿಡಿಯನ್ನು ಅವನ ಸುಟ್ಟ ಕೈಯ ಮೇಲೆ ಅಪ್ಪಳಿಸಿದಳು. ಟವೆಲಿನ ಕೆಳಗೆ ಬೊಬ್ಬೆಗಳು ಒಡೆದವು. ನಿತಿನ ಬಾಯಿ ತೆರೆದ, ದನಿ ಬರಲಿಲ್ಲ. ಶಿವಕಾಂತಾ ಅವನ ಮೊಣಕಾಲಿಗೆ ಬೂಟಿನಿಂದ ಒದ್ದು ಕೆಡವಿ, ಎದೆಯ ಮೇಲೆ ಮಂಡಿ ಊರಿ, ಮೂಗಿಗೆ ಮುಷ್ಟಿಯಿಂದ ಒಂದು, ಬಾಯಿಗೆ ಇನ್ನೊಂದು ಕೊಟ್ಟಳು. ಬಾಯಿಗೆ ಕೊಟ್ಟದ್ದು ಮುಬಶ್ಶೀರನ ಸಲುವಾಗಿ. ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲವೆಂದು ಅವಳಿಗೂ ಗೊತ್ತಿತ್ತು.

ಬೇಡಿ ಹಾಕಿ, ಮುಬಶ್ಶೀರನ ತೊಡೆಗೆ ತನ್ನ ಬೆಲ್ಟು ಬಿಗಿದು, ಆಂಬುಲೆನ್ಸಿಗೆ ಫೋನ್ ಮಾಡಿದಳು.

"ಬದುಕ್ತೀಯೇನು?"

"ಮೊದಲ ಅಂವನ ಭುಜ ನೋಡ್ರಿ ಮೇಡಂ," ಎಂದ ಮುಬಶ್ಶೀರ ಹಲ್ಲು ಕಚ್ಚಿ. "ನಾ ಎಲ್ಲೂ ಹೋಗಂಗಿಲ್ಲ."

ಶಿವಕಾಂತಾ ನಿತಿನನ ಅಂಗಿಯ ಕೊರಳುಪಟ್ಟಿ ಹಿಡಿದು ಹರಿದಳು. ಹುಲಿ ಬಂದೂಕು ಸೀಳಿ ಒದ್ದ ಭುಜವೆಂದರೆ ಕಪ್ಪು, ನೀಲಿ, ಹಳದಿ ಎಲ್ಲ ಬಣ್ಣವೂ ಅಲ್ಲಿರಬೇಕು. ಮೂಳೆ ಮುರಿದಿರಬೇಕು.

ಬಲಭುಜ ಸ್ವಚ್ಛವಾಗಿತ್ತು.

ಎಡಭುಜ ನೋಡಿದಳು. ಅಲ್ಲೂ ಏನೂ ಇಲ್ಲ. ನಂಬಿಕೆಯಾಗದೆ ಬಲಭುಜದ ಗುಳಿಗೆ ಹೆಬ್ಬೆರಳು ಊರಿ ಮೈಭಾರವನ್ನೆಲ್ಲ ಹಾಕಿದಳು. ನಿತಿನ ಸುಟ್ಟ ಕೈಗೆ ನರಳುತ್ತಿದ್ದನೇ ಹೊರತು ಇದಕ್ಕೆ ಕಣ್ಣನ್ನೂ ಮಿಟುಕಿಸಲಿಲ್ಲ.

ವಜೀರಬೀ ಬೆಳಿಗ್ಗೆಯೇ ಹೇಳಿದ್ದಳಲ್ಲ. ಸುತ್ತಿಗೆ ಹಿಡಿದದ್ದು ಬಲಗೈ. ಬಲಭುಜ ಮುರಿದವನು ಬಲಗೈಯಲ್ಲಿ ಅಷ್ಟು ಭಾರದ ಸುತ್ತಿಗೆ ಎತ್ತುವುದುಂಟೇ? ಕಿವಿಗೆ ಬಿದ್ದ ಮಾತನ್ನು ತಲೆಗೆ ಹಾಕಿಕೊಳ್ಳದೆ ಇಲ್ಲಿಯ ತನಕ ಓಡಿ ಬಂದಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಜೇಬಿನಿಂದ ಬಿಳಿ ನೂಲು ತೆಗೆದಳು. ಒಂದು ಗಂಟನ್ನು ಅವನ ಎಡ ಮೊಣಕೈಯ ಮಡಿಕೆಗಿಟ್ಟು ನೂಲನ್ನು ಮುಂಗೈಯ ಮೇಲೆ ಎಳೆದಳು. ಬೆರಳಿನ ಗಂಟನ್ನು ಮುಟ್ಟಬೇಕಾದ ತುದಿ ಅಂಗೈಯ ನಡುವೆಯೇ ನಿಂತುಬಿಟ್ಟಿತು.

"ಈ ದಾರ ಯಾರ ಕೈದು?"

"ನಂದೇ."

"ನಿಂದಾದ್ರ ನೀ ಸಾಲಿಗಿ ಹೋಗುವಾಗಿಂದು ಇರ್ಬೇಕು. ಯಾರದು ಹೇಳು."

ನಿತಿನ ಒಡೆದ ತುಟಿಯಿಂದ ರಕ್ತ ಉಗುಳಿದ. ಮಾಡಿನ ತಗಡಿನ ಕಡೆ ಮುಖ ತಿರುಗಿಸಿದ. ಮಾತು ಬಂದಾಗ ಅದು ಕೊಲೆಗಾರನ ಧ್ವನಿಯಾಗಿರಲಿಲ್ಲ.

"ಅಜ್ಜ ನನಗ ಬಂದೂಕು ಕಲಸ್ಲಿಲ್ರಿ. ನಾ ಶಬ್ದಕ್ಕ ಅಂಜತಿದ್ದೆ. ಒದ್ರ ಅಳತಿದ್ದೆ. ಅಂಜಲಾರದವರಿಗಿ ಕಲಸಿದ."

"ಯಾರಿಗಿ?"

"ನೀವು ಭಾವನ ಎದಿ ನೋಡೀರಿ. ಅಕ್ಕನ ಬೆನ್ನು ನೋಡೀರೇನು?" ಅವನು ಮೊದಲ ಬಾರಿಗೆ ಅವಳ ಮುಖ ನೋಡಿದ. "ಸೊಂಟದ ಬೆಲ್ಟಿಲೆ ಹೊಡೀತಿದ್ದ. ಬೆಲ್ಟಿನ ಬಕಲು ಎಲ್ಲೆಲ್ಲಿ ಬಿದ್ದದೋ ಅಲ್ಲೆಲ್ಲ ಚರ್ಮ ಗಂಟು ಕಟ್ಟ್ಯದ. ಪೊಲೀಸಿಗಿ ಎರಡು ಸಲ ಹೋಗಿದ್ಳು. ನಿಮ್ಮ ಮೊದಲಿನವ್ರು ಚಹಾ ಕುಡಿಸಿ ಗಂಡನ ಮನಿಗೇ ಬಿಟ್ಟು ಬಂದ್ರು."

ಶಿವಕಾಂತಾಳ ಕಣ್ಣ ಮುಂದೆ ಭಾಲ್ಕಿಯ ಅಂಗಳ ಬಂದು ನಿಂತಿತು. ಒಡೆದ ಹಸಿರು ಬಳೆಗಳು. ಎಡಗೈ ಬಡಿದಾಗ ಕಲ್ಲಿನಂತೆ ಕುಳಿತಿದ್ದ ಹೆಂಗಸು ಬಲಗೈ ಎಳೆದೊಡನೆ ಕಿರುಚಿದ್ದು. ಅದು ಗಂಡನ ದುಃಖವಾಗಿರಲಿಲ್ಲ. ಮುರಿದ ಮೂಳೆಯ ನೋವು ಅದು. ಇನ್ನೊಂದು ಸಲ ಎಳೆದಿದ್ದರೆ ಸೆರಗು ಜಾರುತ್ತಿತ್ತು, ಕಪ್ಪಿಟ್ಟ ಭುಜ ಊರೆದುರಿಗೆ ಬರುತ್ತಿತ್ತು. ಎಳೆಯಲು ಬಿಡದವಳು ತಾನೇ. ಮರುಕದಿಂದ ಮುದುಕಿಯರನ್ನು ಅಟ್ಟಿ, ಕೊಲೆಯ ಗುರುತನ್ನು ತನ್ನ ಕೈಯಾರೆ ಮುಚ್ಚಿದವಳು ತಾನೇ. ಆಮೇಲೆ ಎಷ್ಟು ಸಲ ಹೋದರೂ ಆ ಬಲಗೈ ಸೆರಗಿನೊಳಗೇ ಇತ್ತು. ಚಹಾ ಕೊಟ್ಟದ್ದು ಎಡಗೈಯಲ್ಲಿ.

"ಮುಂಜಾನಿ ಉಸ್ತಾದಗ ಯಾಕ ಹೊಡದಿ?" ಶಿವಕಾಂತಾ ನೂಲನ್ನು ಸುತ್ತಿ ಜೇಬಿಗೆ ಹಾಕಿಕೊಂಡಳು.

"ಅಕ್ಕ ಹೊಡಿ ಅನ್ನಲಿಲ್ರಿ. ಕೊಂದೇ ಬಾ ಅಂದಿದ್ಳು. ದಾರದ ಅಳತಿ ನೋಡಿದಾಂವ ಉಸ್ತಾದ ಒಬ್ಬನೇ. ಇವತ್ತಲ್ಲ ನಾಳಿ ಹೆಣ್ಣಿನ ಕೈ ಅಂತ ತಿಳಕೋತಾನ ಅಂದ್ಳು." ನಿತಿನ ಅಳುತ್ತಿದ್ದ. "ನನಗ ಆಗಲಿಲ್ಲ. ಕೈ ಜಜ್ಜಿ ಬಂದೆ. ಬಂದೂಕು ಆಕಿಗಿ ಕೊಟ್ಟು, ನಾನೇ ಮಾಡೀನಿ ಅಂತ ಹೇಳಿ ಸಾಯ್ತೇನಿ, ಅಲ್ಲಿಗಿ ಮುಗೀಲಿ ಅಂದೆ. ಆಕಿ ಏನೂ ಅನ್ನಲಿಲ್ಲ. ನನ್ನ ತಲಿ ಮ್ಯಾಲ ಕೈ ಇಟ್ಳು ಅಷ್ಟೆ."

"ಬಂದೂಕು ಎಲ್ಲಿ ಅದ?"

"ಭಾಲ್ಕಿಯಾಗ. ದೇವರ ಮನಿಯಾಗ."

ಉಸ್ತಾದನನ್ನು ಇಲ್ಲಿಗೆ ಕಳಿಸು ಎಂದಿದ್ದಳು ಸರಸ್ವತಿಬಾಯಿ. ಆ ಮನುಷ್ಯನ ಮುಖ ಒಮ್ಮೆ ನೋಡುವುದಿದೆ ಎಂದಿದ್ದಳು. ಶಿವಕಾಂತಾ ಕಣ್ಣು ತುಂಬಿಕೊಂಡು ಕಳಿಸಿಕೊಟ್ಟಿದ್ದಳು.

ರಕ್ತ ಹತ್ತಿದ ಬೆರಳಿಗೆ ಫೋನಿನ ಗಾಜು ಜಾರುತ್ತಿತ್ತು. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಎರಡು ಸಲ ಲೈನು ಹತ್ತಲಿಲ್ಲ. ಮೂರನೆಯ ಸಲ ಹಾವಗೆಪ್ಪ ಎತ್ತಿದ. ಬಾಯಲ್ಲಿ ಏನೋ ಇತ್ತು.

"ಮುಟ್ಟೀವ್ರಿ ಮೇಡಂ. ಬಾಯಾರು ಚುರುಮುರಿ ಸೂಸ್ಲಾ ಮಾಡಿಸಿದ್ರು. ಸೂತಕದ ಮನಿ, ಬ್ಯಾಡ ಅಂದೆ, ಕೇಳ್ಲಿಲ್ಲ."

"ಉಸ್ತಾದ ಎಲ್ಲಿ?"

"ಇಲ್ಲೇ ಪಡಸಾಲಿಯಾಗ ನನ್ನ ಬಾಜೂಕ ಕುಂತಾರ್ರಿ. ಅಲ್ಬಮ್ ನೋಡಾಕತ್ತಾರ. ನಿತಿನನ ಫೋಟೋಕ್ಕ ಬೆರಳಿಟ್ಟಾರ್ರಿ, ಇಂವನೇ ಅಂದ್ರು."

"ಹಾವಗೆಪ್ಪ, ನಾ ಹೇಳೋದು ಕೇಳು. ಸುಮ್ಮನ ಎದ್ದು ಉಸ್ತಾದನ್ನ ಕರ್ಕೊಂಡು ಹೊರಗ ನಡಿ. ಏನೂ ಕೇಳಬ್ಯಾಡ. ಬಾಯಾರು ಎಲ್ಲಿ ಅದಾರ?"

"ದೇವರ ಮನಿಗಿ ಹೋಗ್ಯಾರ್ರಿ. ಉಸ್ತಾದಗ ಏನೋ ತೋರ್ಸೋದದ ಅಂದ್ರು. ಬಂದ್ರು ನೋಡ್ರಿ. ಬಾಯಾರ, ಅದೇನ್ರಿ ಕಂಬಳಿಯಾಗ..."

ಗುಂಡಿನ ಶಬ್ದಕ್ಕೆ ಫೋನು ಸೀಳಿತು. ಶಿವಕಾಂತಾ ಅದನ್ನು ಕಿವಿಯಿಂದ ದೂರ ಹಿಡಿದರೂ ಗೋದಾಮಿನ ಆ ಮೂಲೆಯಲ್ಲಿದ್ದ ಮುಬಶ್ಶೀರನಿಗೂ ಕೇಳಿತು. ನಿತಿನ ಕಣ್ಣು ಮುಚ್ಚಿಕೊಂಡ. ಆಮೇಲೆ ತಾಟು ಉರುಳಿ ನಿಂತ ಸದ್ದು. ಯಾರೋ ಒಬ್ಬ ಗಂಡಸು ನರಳುತ್ತಿದ್ದ. ಹಾವಗೆಪ್ಪನೋ ಉಸ್ತಾದನೋ, ನೋವಿನಲ್ಲಿ ಎಲ್ಲರ ದನಿಯೂ ಒಂದೇ.

"ಹಾವಗೆಪ್ಪ. ಹಾವಗೆಪ್ಪ, ಮಾತಾಡು."

ಯಾರೋ ನೆಲದಿಂದ ಫೋನು ಎತ್ತಿಕೊಂಡರು. ಹಿಡಿದ ಕೈಯಲ್ಲಿ ಗಾಜಿನ ಬಳೆಗಳು ಒಂದಕ್ಕೊಂದು ತಾಕಿದ್ದು ಶಿವಕಾಂತಾಳಿಗೆ ಕೇಳಿತು. ಅವಳೇ ಉಳಿಸಿದ ಬಳೆಗಳು.

"ಈ ಸಲ ಕೀಲು ತಡೀತು, ತಂಗಿ," ಎಂದಳು ಸರಸ್ವತಿಬಾಯಿ. ಆಕೆಯ ಉಸಿರು ಏರಿತ್ತು, ಮಾತು ಏರಿರಲಿಲ್ಲ. "ನನ್ನ ತಮ್ಮಗ ಬೇಡಿ ಬಿಚ್ಚಿ ಇಲ್ಲಿಗಿ ಕರ್ಕೊಂಡು ಬಾ. ನೀ ಒಬ್ಬಾಕೆ ಬಾ. ನನ್ನ ಹಂತೇಕ ಗುಂಡು ಇನ್ನೊಂದದ, ಇವರಿಬ್ಬರಾಗ ಒಬ್ಬನ ಜೀವ ಇನ್ನೂ ಗಟ್ಟಿ ಅದ."